ಹಿಲ್ಡಾಬಾಯಿ ಕತ್ತರಿಸಿದ ಲಕೋಟೆಗಳು

ಎಂಬತ್ತರ ದಶಕದ ಮಸ್ಕತ್ತಿನಲ್ಲಿ ಹಿಲ್ಡಾ ಮೊಂತೇರೊ ಯಾರೆಂದು ಕೇಳಿದರೆ ಮಂಗಳೂರಿನ ಕ್ರೈಸ್ತರೇ ತಲೆ ಕೆರೆದುಕೊಳ್ಳುತ್ತಿದ್ದರು. ಸ್ಟಾಂಪಿನ ಹಿಲ್ಡಾಬಾಯಿ ಎಂದರೆ ಮಾತ್ರ "ಓ, ಅವರಾ" ಎಂದು ನಗುತ್ತಿದ್ದರು. ಅಲ್ಲಿ ಶುಕ್ರವಾರ ರಜೆಯಾದ್ದರಿಂದ ನಮ್ಮವರು ಭಾನುವಾರದ ಪೂಜೆಯನ್ನು ಶುಕ್ರವಾರವೇ ಮುಗಿಸುತ್ತಿದ್ದರು. ರೂವಿಯ ಚರ್ಚಿನಿಂದ ಹೊರಗೆ ಬಂದು ಮೀನಿನ ರೇಟು, ಊರಿನ ಮದುವೆ ಎಂದು ಮಾತಿಗೆ ನಿಲ್ಲುವಷ್ಟರಲ್ಲಿ ಈಯಮ್ಮ ಪ್ಲಾಸ್ಟಿಕ್ ಚೀಲ ಹಿಡಿದು ಎದುರಿಗೆ ಹಾಜರು. "ಈ ವಾರ ಊರಿಂದ ಕಾಗದ ಬಂತಾ? ಕವರು ಎಲ್ಲಿ?" ಎಂದು ಅಧಿಕಾರದಲ್ಲೇ ಕೇಳುತ್ತಿದ್ದಳು. ಮಗಳು ಕ್ಯಾರೋಲಿನ್ ನಾಚಿಕೆಯಿಂದ, "ಮಮ್ಮಿ, ಡೋಂಟ್ ಆಸ್ಕ್ ಎವ್ರಿಬಡಿ" ಎಂದು ಸೆರಗು ಜಗ್ಗಿದರೂ ಕೇಳುವ ಜನ ಅಲ್ಲ.

ಬಳಸಿದ ಸ್ಟಾಂಪಿನ ಈ ಹುಚ್ಚು ಅವಳೊಬ್ಬಳದ್ದಲ್ಲ. ನಮ್ಮ ಕಡೆಯ ಎಷ್ಟೋ ಇಗರ್ಜಿಗಳಲ್ಲಿ ಮಕ್ಕಳಿಗೆ ಜಪದ ಜೊತೆಗೇ ಇದನ್ನೂ ಕಲಿಸುತ್ತಿದ್ದರು. ಸ್ಟಾಂಪುಗಳನ್ನು ಒಟ್ಟುಮಾಡಿ ಕಾನ್ವೆಂಟಿಗೆ ಕೊಟ್ಟರೆ ಸಿಸ್ಟರುಗಳು ಅದನ್ನು ತೂಕದ ಲೆಕ್ಕದಲ್ಲಿ ಹೊರದೇಶದ ಸಂಗ್ರಾಹಕರಿಗೆ ಮಾರಿ, ಬಂದ ಹಣದಲ್ಲಿ ಅನಾಥ ಮಕ್ಕಳನ್ನು ಸಾಕುತ್ತಿದ್ದರು. ಅದಕ್ಕೊಂದು ಕ್ರಮವಿತ್ತು. ಸ್ಟಾಂಪನ್ನು ಕೀಳಬಾರದು, ಸುತ್ತಲೂ ಹೆಬ್ಬೆರಳಿನಗಲ ಕಾಗದ ಬಿಟ್ಟು ಲಕೋಟೆಯ ಮೂಲೆಯನ್ನೇ ಕತ್ತರಿಸಬೇಕು, ಅಂಚಿನ ಹಲ್ಲು ಒಂದೂ ಮುರಿಯಬಾರದು. "ಹಲ್ಲು ಹೋದ ಸ್ಟಾಂಪೂ ಹಲ್ಲು ಹೋದ ಮದುಮಗನೂ ಒಂದೇ, ಯಾರಿಗೂ ಬೇಡ" ಎನ್ನುತ್ತಿದ್ದಳು ಹಿಲ್ಡಾ.

ಅವಳು ಶಿರ್ವದವಳು. ಉಡುಪಿಯಲ್ಲಿ ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿತು, ಅಲೋಶಿಯಸ್‌ನನ್ನು ಮದುವೆಯಾಗಿ, ಎಂಬತ್ತಮೂರರಲ್ಲಿ ಮಸ್ಕತ್ತಿಗೆ ಬಂದಳು. ಅವನು ವಾದಿ ಕಬೀರಿನ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್‌ಕೀಪರ್. ಮನೆ ದಾರ್ಸೈಟಿನ ಸಣ್ಣ ಫ್ಲಾಟು. ಅವಳಿಗೆ ಎಣ್ಣೆ ಬಾವಿಗಳ ಕಾಂಟ್ರಾಕ್ಟು ಹಿಡಿದಿದ್ದ ಕಂಪೆನಿಯೊಂದರಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಅವಳ ಕಪಾಟಿನಲ್ಲಿ ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದ ಫೈಲು ಸಿಗುತ್ತಿತ್ತು. ಅದನ್ನು ನೋಡಿಯೇ ಅಮೆರಿಕನ್ ಮ್ಯಾನೇಜರ್ ಕಾರ್ವರ್ ಸಾಹೇಬರು ಎಂಬತ್ತೇಳರಲ್ಲಿ ಅವಳನ್ನು ಕರೆದು, "ನನ್ನ ಹೆಂಡತಿಯ ಹಳೆಯ ಕಾಗದಗಳು ಮನೆ ತುಂಬ ಬಿದ್ದಿವೆ, ಅವಕ್ಕೊಂದು ದಾರಿ ಮಾಡು" ಎಂದು ವಾರಕ್ಕೆರಡು ದಿನ ಸೀಬ್ ಎಂಬಲ್ಲಿದ್ದ ತಮ್ಮ ಬಂಗಲೆಗೆ ಕಳಿಸತೊಡಗಿದರು.

ಮಿಸೆಸ್ ಕಾರ್ವರ್ ಅರವತ್ತು ದಾಟಿದ, ಎತ್ತರದ, ಮಾತಿನ ನಡುವೆ ಕನ್ನಡಕ ಹುಡುಕುವ ಹೆಂಗಸು. ಪ್ರಾಯದಲ್ಲಿ ನ್ಯೂಯಾರ್ಕಿನಲ್ಲಿ ಏಳೆಂಟು ಜನ ಚಿತ್ರಕಾರರು ಕೂಡಿ ಒಂದು ಹಳೆಯ ಅಂಗಡಿಯನ್ನು ಬಾಡಿಗೆಗೆ ಹಿಡಿದು ಗ್ಯಾಲರಿ ನಡೆಸುತ್ತಿದ್ದರಂತೆ. ಇವರು ಅದರ ಸೆಕ್ರೆಟರಿ. ಗ್ಯಾಲರಿ ಮುಚ್ಚಿದ ಮೇಲೆ ಕಾಗದಗಳೆಲ್ಲ ಇವರ ಪಾಲಿಗೆ ಬಂದವು. ಸಾಹೇಬರು ಎಣ್ಣೆಯ ಹಿಂದೆ ದೇಶದಿಂದ ದೇಶಕ್ಕೆ ಹೋದಂತೆ ಪೆಟ್ಟಿಗೆಗಳೂ ಹಿಂದೆ ಹಿಂದೆ ಬಂದು ಕೊನೆಗೆ ಒಮಾನಿಗೆ ತಲುಪಿದ್ದವು. ಒಳಗೆ ಪ್ರದರ್ಶನದ ಆಮಂತ್ರಣಗಳು, ಬಾಡಿಗೆ ಬಾಕಿಯ ನೋಟೀಸು, ಖರ್ಚಾಗದ ಚಿತ್ರಗಳ ಬೆಲೆಚೀಟಿ, "ಈ ವರ್ಷ ಗೋಡೆಯಲ್ಲಿ ಜಾಗವಿಲ್ಲ" ಎಂದು ಶ್ರೀಮಂತರು ಬರೆದ ನಯವಾದ ಪತ್ರಗಳು, ಮತ್ತೆ ಚಿತ್ರಕಾರರು ಪರಸ್ಪರ ಬೈದುಕೊಂಡು ಬರೆದ ರಾಶಿ ಕಾಗದ. ಮೊದಲ ದಿನ ಹಿಲ್ಡಾ ಮನಸ್ಸಿನಲ್ಲೇ, "ಇದನ್ನು ಹಡಗಿನಲ್ಲಿ ಹಾಕಿ ತಂದರಲ್ಲ, ಇವರ ಬುದ್ಧಿಗಿಷ್ಟು" ಎಂದುಕೊಂಡಳು.

ಆದರೆ ಕೆಲಸವೆಂದರೆ ಕೆಲಸ. ಅವಳು ತನಗೆ ಗೊತ್ತಿದ್ದ ಆಫೀಸಿನ ಪದ್ಧತಿಯಲ್ಲೇ ಹೊರಟಳು. ಪತ್ರಗಳನ್ನು ಲಕೋಟೆಯಿಂದ ತೆಗೆದಳು, ಮಡಿಕೆ ಬಿಡಿಸಿದಳು, ತೂತು ಹೊಡೆದು ಬರೆದವರ ಹೆಸರಿನ ಅಕ್ಷರದ ಪ್ರಕಾರ ಫೈಲಿಗೆ ಹಾಕಿದಳು. ಉಳಿದದ್ದು ಖಾಲಿ ಲಕೋಟೆಗಳು. ಐವತ್ತರ ದಶಕದ ಅಮೆರಿಕದ ಸ್ಟಾಂಪುಗಳು, ಒಂದಕ್ಕಿಂತ ಒಂದು ಚಂದ. ಬಾಯಲ್ಲಿ ನೀರೂರದೆ ಇರುತ್ತದೆಯೇ? "ಮೇಡಂ, ಇದರ ಸ್ಟಾಂಪು ನಾನು ತೆಗೆದುಕೊಳ್ಳಲೇ? ಊರಿನ ಅನಾಥ ಮಕ್ಕಳಿಗೆ" ಎಂದು ಕೇಳಿದಳು. ಒಂದು ಹಳೆಯ ಫೋಟೋ ನೋಡುತ್ತಿದ್ದ ಮೇಡಂ ತಲೆ ಎತ್ತದೆ, "ತೆಗೆದುಕೋ, ತೆಗೆದುಕೋ" ಎಂದರು. ಹಿಲ್ಡಾ ಹಲ್ಲು ಮುರಿಯದ ಹಾಗೆ ಒಂದೊಂದನ್ನೂ ಕತ್ತರಿಸಿದಳು. ಮೂಲೆ ಹೋದ ಲಕೋಟೆಗಳು ಕಸಕ್ಕೆ ಹೋದವು. ದಾರ್ಸೈಟಿನಲ್ಲಿ ಅಂಗಡಿ ಇಟ್ಟಿದ್ದ ಬ್ಯಾರಿ ಮೊಯ್ದು ರಜೆಯಲ್ಲಿ ಊರಿಗೆ ಹೋಗುವಾಗ ಕಟ್ಟನ್ನು ಒಯ್ದು ಮಂಗಳೂರಿನ ಕಾನ್ವೆಂಟಿಗೆ ಮುಟ್ಟಿಸಿದ. ಇಂಥ ಸ್ಟಾಂಪು ಈವರೆಗೆ ಯಾರೂ ಕೊಟ್ಟಿರಲಿಲ್ಲ ಎಂದು ಸಿಸ್ಟರ್ ಆಗ್ನೆಸ್ ಬರೆದಾಗ ಹಿಲ್ಡಾ ಆ ಕಾಗದವನ್ನು ನಾಲ್ಕು ಜನರಿಗೆ ತೋರಿಸಿದಳು.

ಆ ಪೆಟ್ಟಿಗೆಗಳಲ್ಲಿ ಅತಿ ಹೆಚ್ಚು ಪತ್ರ ಬರೆದವಳು ಐರಿನ್ ಟಾಲ್ಮನ್ ಎಂಬವಳು. ಮೇಡಂ ಬೇರೆಯವರ ವಿಷಯ ನಗುತ್ತ ಹೇಳುತ್ತಿದ್ದರು, ಐರಿನ್ ಹೆಸರು ಬಂದರೆ ಕನ್ನಡಕ ತೆಗೆದು ಒರೆಸುತ್ತಿದ್ದರು. ಆಕೆ ಹಡಗಿನ ಹರಿದ ಹಾಯಿಬಟ್ಟೆಯನ್ನು ತುಂಡು ತುಂಡಾಗಿ ಹೊಲಿದು, ಹೊಲಿಗೆಯ ಗುಂಟ ಮಸಿ ಉಜ್ಜಿ ಚಿತ್ರ ಮಾಡುತ್ತಿದ್ದಳಂತೆ. ಯಾರೂ ಕೊಳ್ಳಲಿಲ್ಲ. ಬಡತನದಲ್ಲಿ, ಎದೆಯ ಕಾಯಿಲೆಯಲ್ಲಿ, ನಲವತ್ತು ತುಂಬುವ ಮೊದಲೇ ತೀರಿಹೋದಳು. ಆಮೇಲೆ ಒಬ್ಬ ಗಂಡಸು ಅದೇ ಹೊಲಿಗೆ, ಅದೇ ಮಸಿ ಹಿಡಿದು ದೊಡ್ಡ ಹೆಸರು ಮಾಡಿದ. ಅವನದ್ದೇ ಮೊದಲು, ಐರಿನ್ ಅವನನ್ನು ನೋಡಿ ಮಾಡಿದ್ದು ಎಂದು ಪುಸ್ತಕಗಳಲ್ಲಿ ಅಚ್ಚಾಯಿತು. "ಅವಳು ಮೊದಲು ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ ಹಿಲ್ಡಾ. ಆದರೆ ಗೆಳತಿಯ ಮಾತನ್ನು ಯಾರು ನಂಬುತ್ತಾರೆ?" ಎನ್ನುತ್ತಿದ್ದರು ಮೇಡಂ.

ಐರಿನ್‌ಳ ಚಿತ್ರದ ಫೋಟೋ ನೋಡಿದಾಗ ಹಿಲ್ಡಾಳಿಗೆ ಅಜ್ಜಿ ಹಳೆಸೀರೆ ಹೊಲಿದು ಮಾಡುತ್ತಿದ್ದ ಹೊದಿಕೆಯ ನೆನಪಾಯಿತೇ ಹೊರತು ಬೇರೇನೂ ತೋಚಲಿಲ್ಲ. ಇದಕ್ಕೂ ಜಗಳವೇ ಎನಿಸಿತು. ಆದರೆ ಫೈಲು ಮಾಡುವಾಗ ಪತ್ರಗಳ ಮೇಲೆ ಕಣ್ಣು ಹಾಯುತ್ತಿತ್ತು. ಕೋಣೆಗೆ ಸೌದೆಯಿಲ್ಲ, ಬೆರಳು ಸೆಟೆದು ಸೂಜಿ ಹಿಡಿಯಲಾಗುತ್ತಿಲ್ಲ, ಆದರೂ ಇವತ್ತು ಒಂದು ಹೊಲಿಗೆ ಸರಿಯಾಗಿ ಕೂತಿತು ಎಂದು ಐರಿನ್ ಬರೆಯುತ್ತಿದ್ದಳು. ನಮ್ಮಲ್ಲೂ ಐರಿನ್ ಎಂಬ ಹೆಸರಿನವರು ಬೇಕಾದಷ್ಟು. ಹಿಲ್ಡಾಳಿಗೆ ಅವಳು ಊರಿನ ಯಾವುದೋ ವಾಡೊದ, ಪಕ್ಕದ ಕೇರಿಯ ಬಡ ಹೆಂಗಸಿನ ಹಾಗೇ ಕಾಣತೊಡಗಿದಳು. ಪಾಪ ಎನಿಸುತ್ತಿತ್ತು.

ತೊಂಬತ್ತೊಂದರಲ್ಲಿ ಅಮೆರಿಕದಿಂದ ಒಂದು ದಪ್ಪ ಲಕೋಟೆ ಬಂತು. ಅಲ್ಲಿ ಚಿತ್ರಕಾರರ, ಗ್ಯಾಲರಿಗಳ, ಚಿತ್ರ ಕೊಳ್ಳುವವರ ಕಾಗದಪತ್ರಗಳನ್ನೇ ಒಟ್ಟುಮಾಡಿ ಕಾಪಾಡುವ ಒಂದು ಸಂಸ್ಥೆಯಿತ್ತು. ಮೇಡಂ ಬರೆದ ಪತ್ರಗಳಿಗೆ ಎಷ್ಟೋ ವರ್ಷದ ಮೇಲೆ ಅಲ್ಲಿಂದ ಉತ್ತರ. ಗ್ಯಾಲರಿಯ ಸಂಗ್ರಹ ನಮಗೆ ಬೇಕು, ಮುಖ್ಯವಾಗಿ ಟಾಲ್ಮನ್ ಪತ್ರಗಳು ಬೇಕು, ಅವುಗಳ ಕಾಲ ಖಚಿತವಾದರೆ ಆಕೆಯ ವಿಷಯ ಹೊಸದಾಗಿ ಬರೆಯಬೇಕಾದೀತು ಎಂದಿದ್ದರು. ಜೊತೆಗೆ ಸೂಚನೆಗಳ ಒಂದು ಹಾಳೆ. ಮೇಡಂ ಡಾಕ್ಟರ ಹತ್ತಿರ ಹೋಗಿದ್ದರಿಂದ ಟಪ್ಪಾಲು ಒಡೆದವಳು ಹಿಲ್ಡಾ. ಕಾಗದಗಳನ್ನು ಇದ್ದ ಹಾಗೇ ಇಡಿ, ಜೋಡಣೆ ಬದಲಿಸಬೇಡಿ, ತೂತು ಹೊಡೆಯಬೇಡಿ, ಪತ್ರವನ್ನು ಲಕೋಟೆಯಿಂದ ಬೇರೆ ಮಾಡಬೇಡಿ, ಎಷ್ಟೋ ಸಲ ಪತ್ರದ ಕಾಲ ತಿಳಿಯುವುದು ಅಂಚೆಯ ಮುದ್ರೆಯಿಂದ ಮಾತ್ರ ಎಂದು ಅದರಲ್ಲಿತ್ತು.

ಅವಳು ಹಾಳೆ ಹಿಡಿದೇ ಎದ್ದಳು. ಓಡಿಹೋಗಿ ಐರಿನ್‌ಳ ಫೈಲು ತೆಗೆದಳು. ಮೊದಲ ಪತ್ರದ ತಲೆಯಲ್ಲಿ "ಮಂಗಳವಾರ". ಎರಡನೆಯದರಲ್ಲಿ "ಮಳೆ". ಇನ್ನೊಂದರಲ್ಲಿ "ಅದೇ ದಿನ, ಊಟವಾದ ಮೇಲೆ". ಕೊನೆಯ ಹಾಳೆಯವರೆಗೂ ತಿರುವಿದಳು. ಇಡೀ ಫೈಲಿನಲ್ಲಿ ಒಂದು ಇಸವಿಯಿಲ್ಲ. ಇಸವಿಗಳೆಲ್ಲ ಸ್ಟಾಂಪಿನ ಮೇಲಿದ್ದವು.

ಆ ಸೂಚನೆಯ ಹಾಳೆಯನ್ನು ಅವಳು ಮಡಚಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಬರಿಯ ಪತ್ರವನ್ನು ಮೇಜಿನ ಮೇಲಿಟ್ಟು ಮನೆಗೆ ಬಂದಳು. ಅಲೋಶಿಯಸ್‌ಗೆ ಹೇಳಿದರೆ ಅವನು ಊಟದ ಬಟ್ಟಲು ಸರಿಸಿ, "ನಿನಗೆ ಮಂಡೆ ಸರಿ ಉಂಟಾ? ಬಾಯಿ ಬಿಡ್ಬೇಡ. ಸಾಹೇಬ ಒಂದು ಮಾತು ಹೇಳಿದ್ರೆ ವೀಸಾ ಕೊಟ್ಟ ಕಫೀಲ್ ಅದನ್ನು ಕ್ಯಾನ್ಸಲ್ ಮಾಡ್ತಾನೆ. ಖಲಾಸ್" ಎಂದ.

"ಅವ್ರು ಬಂದು ನೋಡಿದ್ರೆ ಗೊತ್ತಾಗುದಿಲ್ವಾ?"

"ಅಮೆರಿಕದಲ್ಲೇ ಕಳೆದುಹೋಯ್ತು ಅಂತ ಹೇಳು. ಅಷ್ಟು ಹಳೇ ಕವರು ಯಾರು ಇಟ್ಟುಕೊಳ್ತಾರೆ ಮಾರಾಯ್ತಿ?"

ಅವನದ್ದೂ ತಪ್ಪಲ್ಲ. ಗಲ್ಫಿನಲ್ಲಿ ಕೆಲಸ ಹೋದರೆ ಊರಿನಲ್ಲಿ ಮುಖ ತೋರಿಸುವುದೂ ಒಂದು ಕೆಲಸವೇ. ಹಿಲ್ಡಾ ಶುಕ್ರವಾರ ಪಾಪನಿವೇದನೆಗೆ ಹೋಗಿ ಜಾಲರಿಯ ಆಚೆಗಿದ್ದ ಪಾದ್ರಿಗೆ ಎಲ್ಲ ಒಪ್ಪಿಸಿದಳು. ಕ್ಷಮೆ ಸಿಕ್ಕಿದರೆ ಭಾರ ಇಳಿದೀತು ಎಂಬ ಆಸೆ. ಪಾದ್ರಿ, "ಕವರು ಕತ್ತರಿಸಿದ್ದು ಪಾಪ ಅಲ್ಲಮ್ಮ, ಅದು ತಪ್ಪು. ತಪ್ಪಿಗೆ ನಾನು ಕ್ಷಮೆ ಕೊಡ್ಲಿಕ್ಕೆ ಆಗುದಿಲ್ಲ. ಯಾರಿಗೆ ಮಾಡಿದ್ದೋ ಅವರ ಹತ್ರ ಹೇಳಿ. ಮುಚ್ಚಿಟ್ರೆ ಆಗ ಪಾಪ ಆಗ್ತದೆ" ಎಂದರು. ಆ ದಿನ ಅವಳು ಚರ್ಚಿನ ಬಾಗಿಲಲ್ಲಿ ಕವರು ಕೇಳುತ್ತ ನಿಲ್ಲದೆ ನೇರ ಮನೆಗೆ ಹೋದದ್ದನ್ನು ಜನ ಗಮನಿಸಿದರು.

ಶನಿವಾರ ಮೇಡಂ ಮುಂದೆ ಹಾಳೆಯನ್ನಿಟ್ಟು ಹೇಳಿಬಿಟ್ಟಳು. ಮೇಡಂ ಮೊದಲು ಅರ್ಥವಾಗದವರಂತೆ ನೋಡಿದರು. ಆಮೇಲೆ ಫೈಲು ತರಿಸಿ ಒಂದೊಂದೇ ಪತ್ರ ತಿರುವಿದರು. "ನಾನೇ ತೆಗೆದುಕೋ ಎಂದೆನಲ್ಲ" ಎಂದು ಮೆಲ್ಲಗೆ ಹೇಳಿದರು. ಬೈದಿದ್ದರೆ ಹಿಲ್ಡಾ ಅತ್ತು ಹಗುರಾಗುತ್ತಿದ್ದಳು. ಮೇಡಂ ಬೈಯಲಿಲ್ಲ. "ಈಗ ಹೋಗು. ನಾನೇ ಹೇಳಿಕಳಿಸುವ ತನಕ ಬರಬೇಡ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೇಳಿಕಳಿಸಲಿಲ್ಲ. ಆಫೀಸಿನಲ್ಲಿ ಸಾಹೇಬರು ಎದುರಾದರೆ ಗೋಡೆಗೆ ಒತ್ತಿ ನಡೆಯುತ್ತಿದ್ದಳು. ಅವರೂ ಆ ವಿಷಯ ಎತ್ತಲಿಲ್ಲ. ಬೇಸಿಗೆ ರಜೆಗೆ ಊರಿಗೆ ಬಂದವಳು ಬಂಧುಗಳ ಮನೆಗೆ ಹೋಗುವ ಮೊದಲೇ ಆ ಸ್ಟಾಂಪುಗಳನ್ನು ಕೇಳಿಕೊಂಡು ಮಂಗಳೂರಿನ ಕಾನ್ವೆಂಟಿಗೆ ಹೋದಳು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹಾಗೆ. ಸಿಸ್ಟರ್ ಆಗ್ನೆಸ್ ಕೈಹಿಡಿದು ಕೂರಿಸಿ ಶರಬತ್ತು ಕೊಟ್ಟರು. "ಅಮೆರಿಕದ್ದಾ? ಅದು ಬಂದ ವರ್ಷವೇ ಬೆಲ್ಜಿಯಮ್ಮಿಗೆ ಹೋಯ್ತಲ್ಲ ಹಿಲ್ಡಾ. ಒಳ್ಳೇ ಕ್ರಯ ಬಂತು. ಮಕ್ಕಳ ಬಾವಿಗೆ ಪಂಪು ಹಾಕಿದ್ದು ಅದ್ರಲ್ಲೇ" ಎಂದು ಕಿಟಕಿಯಿಂದ ತೋರಿಸಿದರು. ಅಂಗಳದಲ್ಲಿ ಹುಡುಗಿಯರು ನಲ್ಲಿಯ ಕೆಳಗೆ ಬಟ್ಟೆ ಹಿಂಡುತ್ತಿದ್ದರು. ಅದನ್ನು ನೋಡಿ ಸಂತೋಷಪಡಬೇಕೋ ಅಳಬೇಕೋ ಹಿಲ್ಡಾಳಿಗೆ ಗೊತ್ತಾಗಲಿಲ್ಲ. ಶರಬತ್ತು ಕುಡಿದು ಬಸ್ಸು ಹತ್ತಿದಳು.

ಮಸ್ಕತ್ತಿಗೆ ಮರಳಿದ ವಾರವೇ ಮೇಡಂ ಕರೆಸಿದರು. ಅಷ್ಟರಲ್ಲಿ ತುಂಬ ಇಳಿದುಹೋಗಿದ್ದರು. ಸಾಹೇಬರ ಕೆಲಸ ಮುಗಿಯುತ್ತ ಬಂದಿತ್ತು, ಅವರು ಅಮೆರಿಕಕ್ಕೆ ಹಿಂತಿರುಗುವವರು. "ನೆನಪಿನಿಂದಲೇ ಇಸವಿ ಹಾಕೋಣ. ನಾನು ಹೇಳುತ್ತೇನೆ, ನೀನು ಟೈಪ್ ಮಾಡು" ಎಂದರು. ಇಬ್ಬರೂ ಕೂತರು. ಈ ಮಂಗಳವಾರ ಯಾವ ಮಂಗಳವಾರ? ಆ ಮಳೆ ಯಾವ ವರ್ಷದ ಮಳೆ? ಮೇಡಂ ಕಣ್ಣು ಮುಚ್ಚಿ ಹೇಳುತ್ತಿದ್ದರು, ನಡುವೆ ತಾವು ಹೇಳಿದ್ದನ್ನು ತಾವೇ ಅಲ್ಲವೆನ್ನುತ್ತಿದ್ದರು. ಹಿಲ್ಡಾ ಪ್ರತಿ ಪತ್ರಕ್ಕೂ ಒಂದು ಚೀಟಿ ಮಾಡಿ, ಲಕೋಟೆ ಉಳಿದಿಲ್ಲವೆಂದೂ ಬರೆದು ಆ ಸಂಸ್ಥೆಗೆ ಕಳಿಸಿದಳು.

ಉತ್ತರ ಮರ್ಯಾದೆಯಿಂದಲೇ ಬಂತು. ನೆನಪಿನಿಂದ ಹಾಕಿದ ಇಸವಿಗಳ ಮುಂದೆ ಪ್ರಶ್ನೆಯ ಚಿಹ್ನೆ ಹಾಕುವುದು ನಮ್ಮ ಕ್ರಮ ಎಂದಿದ್ದರು. ಕೊನೆಯಲ್ಲಿ, ಹೇಳಲು ಸಂಕೋಚಪಡುತ್ತ, ಇನ್ನೊಂದು ಮಾತು. ಆ ಹೆಸರುವಾಸಿ ಗಂಡಸಿನ ಬಗ್ಗೆ ಪುಸ್ತಕ ಬರೆಯುತ್ತಿರುವ ಒಬ್ಬರು, ಲಕೋಟೆಗಳು ಇಲ್ಲದಿರುವುದು ಮಿಸೆಸ್ ಕಾರ್ವರ್‌ಗೆ ಬಹಳ ಅನುಕೂಲವಾಯಿತಲ್ಲ ಎಂದು ಕೇಳಿದ್ದಾರೆ. ಇದಕ್ಕೆ ನಿಮ್ಮ ವಿವರಣೆ ಇದ್ದರೆ ಒಳ್ಳೆಯದು.

ಮೇಡಂ ಓದಿ ನಕ್ಕರು. ಆ ನಗು ನೋಡಲಾಗುತ್ತಿರಲಿಲ್ಲ. "ನಿಜವಾದ ಇಸವಿ ತಿಳಿಯಬಾರದೆಂದು ಗೆಳತಿಗಾಗಿ ನಾನೇ ಸುಟ್ಟೆ ಎನ್ನುತ್ತಾರೆ" ಎಂದರು. ಆಗ ಹಿಲ್ಡಾ, "ನಾನು ಬರೆದು ಕೊಡುತ್ತೇನೆ ಮೇಡಂ. ಕತ್ತರಿಸಿದವಳು ನಾನು" ಎಂದಳು. ಪಾದ್ರಿಗೆ ಹೇಳಿದ್ದು ಜಾಲರಿಯ ಹತ್ತಿರವೇ ಮುಗಿಯುತ್ತದೆ. ಇದು ಹಾಗಲ್ಲ, ಹೆಸರು ಹಾಕಿ ಬರೆದದ್ದು ಆ ಪೆಟ್ಟಿಗೆಯಲ್ಲಿ ಅವಳು ಸತ್ತ ಮೇಲೂ ಇರುತ್ತದೆ, ಯಾರು ಬೇಕಾದರೂ ತೆಗೆದು ಓದುತ್ತಾರೆ. ಅದು ಗೊತ್ತಿದ್ದೇ ಟೈಪ್‌ರೈಟರಿಗೆ ಹಾಳೆ ಏರಿಸಿದಳು. ಹೆಸರು, ಊರು, ಕೆಲಸ, ಯಾಕೆ ಕತ್ತರಿಸಿದ್ದು, ಯಾರಿಗೆ ಕಳಿಸಿದ್ದು, ಎಲ್ಲ ಹೊಡೆದಳು.

ಮೇಡಂ ಹಿಂದೆ ಬಂದು ನಿಂತು ಓದಿದರು. ಆಮೇಲೆ ಅವಳ ಭುಜದ ಮೇಲೆ ಕೈಯಿಟ್ಟರು. "ಹಿಲ್ಡಾ, ಕತ್ತರಿಸುವಾಗ ನೀನು ಮುದ್ರೆ ನೋಡಿದ್ದೀಯಲ್ಲ. ಐವತ್ತಮೂರು ಎಂದಿತ್ತು. ನಿನಗೆ ನೆನಪಿರಬೇಕು. ಅದೊಂದು ಸಾಲು ಹಾಕು."

ಹಿಲ್ಡಾಳ ಬೆರಳು ಕೀಲಿಗಳ ಮೇಲೆಯೇ ನಿಂತವು. ಒಂದೇ ಸಾಲು. ಅದನ್ನು ಹಾಕಿದರೆ ಐರಿನ್‌ಳ ಹೆಸರು ಐರಿನ್‌ಗೆ ಸಿಗುತ್ತದೆ, ಈ ಮುದುಕಿಯ ಮೇಲಿನ ಅಪವಾದ ಹೋಗುತ್ತದೆ, ತನ್ನ ತಪ್ಪೂ ಅರ್ಧ ತೊಳೆದುಹೋಗುತ್ತದೆ. ಅದು ನಿಜವೂ ಇದ್ದೀತು. ಮೇಡಂ ಸುಳ್ಳು ಹೇಳುವ ಹೆಂಗಸಲ್ಲ. ಅವಳು ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದಳು, ದೇವರಾಣೆಗೂ ನೋಡಿದಳು. ಕಂಡದ್ದು ನೀಲಿ ಬಣ್ಣ, ನೇರಳೆ ಬಣ್ಣ, ಯಾರೋ ಗಡ್ಡದವನ ಮುಖ, ಕತ್ತರಿಯ ಬಾಯಿ. ಕಣ್ಣೆಲ್ಲ ಹಲ್ಲುಗಳ ಮೇಲೆ ಇದ್ದಾಗ ಇಸವಿ ಓದಿದವರು ಯಾರು?

"ನಾನು ಓದಲಿಲ್ಲ ಮೇಡಂ" ಎಂದಳು.

"ಓದಿರಬಹುದು."

"ಓದಿದ್ದರೆ ಎಷ್ಟು ಚೆನ್ನಾಗಿತ್ತು. ಓದಲಿಲ್ಲ."

ಮೇಡಂ ಕೈ ತೆಗೆದರು. "ನಿನ್ನ ದೇವರಿಗೆ ಇದರಿಂದೇನು ಲಾಭ?" ಎಂದು ಕೇಳಿದರು. ಹಿಲ್ಡಾ ಹಾಳೆಯತ್ತ ತಿರುಗಿದಳು. ತಾನು ಒಂದು ಸಲ ಗೊತ್ತಿಲ್ಲದೆ ಐರಿನ್‌ಳ ಕಾಗದ ಕೆಡಿಸಿದ್ದೇನೆ, ಈಗ ಗೊತ್ತಿದ್ದೂ ಕೆಡಿಸಲಾರೆ ಎಂಬುದಷ್ಟೇ ಅವಳಿಗೆ ಗೊತ್ತಿತ್ತು. ಮುದ್ರೆಯ ಇಸವಿಯನ್ನು ನಾನು ಗಮನಿಸಿರಲಿಲ್ಲ, ಇದಕ್ಕಾಗಿ ಬಹಳ ದುಃಖವಿದೆ ಎಂದು ಹೊಡೆದು, ಸಹಿ ಹಾಕಿ, ಮೇಜಿನ ಮೇಲಿಟ್ಟಳು. ಕಳಿಸುವುದೂ ಹರಿಯುವುದೂ ನಿಮಗೆ ಬಿಟ್ಟದ್ದು ಎಂದು ಹೇಳಿ ಹೊರಟಳು. ಶೇರ್ ಟ್ಯಾಕ್ಸಿಯಲ್ಲಿ ಪಕ್ಕದವರು ಏನೆಂದುಕೊಂಡಾರು ಎಂದೂ ನೋಡದೆ ದಾರಿಯುದ್ದಕ್ಕೂ ಅತ್ತಳು.

ತೊಂಬತ್ತಮೂರರಲ್ಲಿ ಕಾರ್ವರ್ ದಂಪತಿಗಳು ಹೊರಟುಹೋದರು. ಬೀಳ್ಕೊಡುವಾಗ ಮೇಡಂ ಕೈಕುಲುಕಿದರು, ಅಷ್ಟೆ. ಆ ಹಾಳೆಯ ಗತಿ ಏನಾಯಿತೆಂದು ಕೇಳುವ ಧೈರ್ಯ ಹಿಲ್ಡಾಳಿಗೆ ಆಗಲಿಲ್ಲ. ಕೆಲಸ ಹೋಗಲಿಲ್ಲ, ಹೊಸ ಮ್ಯಾನೇಜರು ಬಂದ, ಕ್ಯಾರೋಲಿನ್ ಹತ್ತನೆಯದು ಮುಗಿಸಿದಳು.

ತೊಂಬತ್ತಾರರ ಒಂದು ಗುರುವಾರ ಸಂಜೆ ದಾರ್ಸೈಟಿನ ಮನೆಯ ಫೋನು ಹೊಡೆದುಕೊಂಡಿತು. ಅತ್ತ ಕಡೆಯಿಂದ ಮೇಡಂ, ಸ್ವರ ತೀರ ಸಣ್ಣದಾಗಿತ್ತು. ಹಿಲ್ಡಾಳ ಹಾಳೆಯನ್ನು ಅವರು ಒಂದಕ್ಷರ ಬದಲಿಸದೆ ಪತ್ರಗಳ ಜೊತೆ ಕಳಿಸಿದ್ದರು. ಓದಲು ಬಂದ ಒಬ್ಬ ಹುಡುಗಿ ಮೊದಲು ಆ ಹಾಳೆ ಓದಿದಳಂತೆ. ಮಿಸೆಸ್ ಕಾರ್ವರ್ ಸುಳ್ಳು ಕಟ್ಟುವವರಾಗಿದ್ದರೆ ಈ ಟೈಪಿಸ್ಟಿನ ಕೈಯಿಂದಲೇ ಇಸವಿ ಬರೆಸುತ್ತಿರಲಿಲ್ಲವೇ ಎಂದು ಕೇಳಿ, ಐರಿನ್‌ಳ ಬಗ್ಗೆ ದೊಡ್ಡ ಲೇಖನ ಬರೆದಳಂತೆ. ಒಂದು ಮ್ಯೂಸಿಯಮ್ಮಿನವರು ಉಗ್ರಾಣದಿಂದ ಐರಿನ್‌ಳ ಚಿತ್ರ ತೆಗೆದು ಗೋಡೆಗೆ ಹಾಕಿದ್ದಾರೆ, ಆ ಗಂಡಸಿನ ಚಿತ್ರದ ಪಕ್ಕದಲ್ಲೇ. "ಮುಂದೆ ಕುರ್ಚಿ ಹಾಕಿಸಿಕೊಂಡು ಕೂತೆ ಹಿಲ್ಡಾ. ಇಡೀ ಮಧ್ಯಾಹ್ನ ಕೂತೆ" ಎಂದರು ಮೇಡಂ.

ಹಿಲ್ಡಾ ಒಂದೇ ಮಾತು ಕೇಳಿದಳು. "ಪ್ರಶ್ನೆಯ ಚಿಹ್ನೆ ಹೋಯಿತೇ ಮೇಡಂ?"

"ಇಲ್ಲ. ಅದು ಇರುತ್ತದೆ. ಯಾವಾಗಲೂ ಇರುತ್ತದೆ" ಎಂದರು ಮೇಡಂ. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಫೋನು ಇಟ್ಟವಳೇ ಹಿಲ್ಡಾ ಶಾಲು ಹೊದ್ದು ಚರ್ಚಿಗೆ ಹೊರಟಳು. ಮರುದಿನದ ಪೂಜೆಯಲ್ಲಿ ಒಂದು ಆತ್ಮದ ಹೆಸರು ಸೇರಿಸಬೇಕೆಂದು ಅಲ್ಲಿನ ಆಫೀಸಿನಲ್ಲಿ ಹೇಳಿದಳು. ಐರಿನ್ ದೇವರನ್ನು ನಂಬುತ್ತಿರಲಿಲ್ಲ, ಇಗರ್ಜಿಯ ಮೆಟ್ಟಿಲು ಹತ್ತಿದವಳಲ್ಲ ಎಂದು ಮೇಡಂ ಹಿಂದೊಮ್ಮೆ ಹೇಳಿದ್ದರು. ಅದು ಅವಳ ವಿಚಾರ, ಪೂಜೆ ನನ್ನದು ಎಂದುಕೊಂಡಳು ಹಿಲ್ಡಾ.

ಶುಕ್ರವಾರ ಪಾದ್ರಿ ಸತ್ತವರ ಹೆಸರುಗಳನ್ನು ಓದಿದರು. ಕುಲಶೇಖರದ ಪಿಂಟೊ ಒಬ್ಬರು, ಕಲ್ಯಾಣಪುರದ ಲೋಬೊ ಒಬ್ಬರು, ಆಮೇಲೆ ಐರಿನ್ ಟಾಲ್ಮನ್. ಡ್ರೈವರುಗಳು, ನರ್ಸುಗಳು, ಸ್ಟೋರ್‌ಕೀಪರುಗಳು ತುಂಬಿದ್ದ ಇಗರ್ಜಿ ಒಟ್ಟಿಗೆ ತಲೆ ಬಾಗಿಸಿ ಅವಳಿಗೂ ಶಾಂತಿ ಬೇಡಿತು. ಹಿಂದಿನ ಬೆಂಚಿನ ಡಾಲಿ ಮುಂದಕ್ಕೆ ಬಾಗಿ, "ಟಾಲ್ಮನ್ ಅಂದ್ರೆ ಯಾರು ಹಿಲ್ಡಾಬಾಯಿ? ನಿಮ್ಮ ಪೈಕಿಯವ್ರಾ?" ಎಂದು ಪಿಸುಗುಟ್ಟಿದಳು.

"ಹೌದು, ನಮ್ಮ ಪೈಕಿ" ಎಂದು ಹೇಳಿ ಹಿಲ್ಡಾ ಕಣ್ಣೊರೆಸಿಕೊಂಡಳು.